ಗುಲ್ಬರ್ಗಾದ ಮೇಡಂ ಮತ್ತು ಎರಡು ವೆಟ್‌ಸೂಟ್

ಈಜುಕೊಳದಲ್ಲಿ ಕೆಲಸ ಮಾಡುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಗುವೇ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ಬಂದು ನಿಲ್ಲುತ್ತದೆ. ಎರಡು ಸಾವಿರದ ಆಸುಪಾಸಿನಲ್ಲಿ ಹಲಸೂರಿನ ಹತ್ತಿರದ ಕೊಳವೊಂದರಲ್ಲಿ ನಾನು ಸ್ಕೂಬಾ ಕಲಿಸುತ್ತಿದ್ದೆ. ಉಸಿರಾಡುವ ಗಾಳಿಯ ಸಿಲಿಂಡರ್ ಹೊತ್ತು ನಲವತ್ತು ನಿಮಿಷ ಕೊಳದ ತಳದಲ್ಲಿ ಇದ್ದವರನ್ನು ಮಾತ್ರ ಸಮುದ್ರಕ್ಕೆ ಕರೆದೊಯ್ಯುವುದು ನನ್ನ ನಿಯಮ.

ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿದ್ದ ಮೇಡಂ ಒಬ್ಬರು ಈ ನಿಯಮಕ್ಕೆ ಎರಡು ಸಲ ಸೋತಿದ್ದರು. ಗುಲ್ಬರ್ಗಾದ ಬಿಸಿಲಲ್ಲಿ ಬೆಳೆದವರು. ಡಿಸೆಂಬರಿನ ನೀರಿಗೆ ಇಳಿದ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ. ಆದರೂ ನಿವೃತ್ತಿಯ ಮೊದಲು ಸಮುದ್ರದ ತಳದ ಮೀನು ನೋಡಲೇಬೇಕೆಂಬ ಆಸೆ. ಜನವರಿಯ ಪ್ರವಾಸಕ್ಕೆ ಅವರ ಹೆಸರು ಸೇರಿಸಲೋ ಬೇಡವೋ ಎಂದು ನಾನು ಕಾಯುತ್ತಿದ್ದೆ.

ಸ್ವೆಟರ್

ಮೂರನೇ ಸಲ ಅವರು ಯಾಕೋ ದಪ್ಪಗೆ ಕಂಡರು. ನೀರಿಗಿಳಿದು ಮೇಲೆ ಬರುವಾಗ ಏಣಿಯ ಮೇಲೆ ನಿಂತುಬಿಟ್ಟರು. ಮೂವರು ಸೇರಿ ಎಳೆದೆವು. ನೋಡಿದರೆ ಚಳಿ ತಡೆಯುವ ರಬ್ಬರ್ ಉಡುಪಾದ ವೆಟ್‌ಸೂಟಿನ ಒಳಗೆ ಅವರ ಯಜಮಾನರ ತುಂಬುತೋಳಿನ ಉಣ್ಣೆ ಸ್ವೆಟರ್! ಅರ್ಧ ಕೊಳ ಕುಡಿದು ಕೂತಿತ್ತು.

"ಮೇಡಂ, ಉಣ್ಣೆ ನೀರೊಳಗೆ ಬೆಚ್ಚಗಿಡಲ್ಲ" ಎಂದೆ.

"ಹಂಗಾದ್ರ ಕುರಿ ಮಳ್ಯಾಗ ಏನ್ ಮಾಡ್ತದ್ರೀ, ಸರ್?"



ಶಿವಾಜಿನಗರದ ಹೊಲಿಗೆ

ಒಂದರ ಮೇಲೊಂದು ಎರಡು ವೆಟ್‌ಸೂಟ್ ಹಾಕಿದರೆ ಚಳಿ ತಡೆಯುತ್ತದೆ ಎಂದು ನಾನೇ ಹೇಳಿದೆ. ಮೇಲೆ ಹಾಕಲು ದೊಡ್ಡ ಅಳತೆಯ ಹಳೆಯದೊಂದಿತ್ತು, ಅಲ್ಲಲ್ಲಿ ಹರಿದಿತ್ತು. ಶಿವಾಜಿನಗರದಲ್ಲಿ ಶೇರ್ವಾನಿ ಹೊಲಿಯುವ ಒಬ್ಬ ಟೈಲರ್ ಚಾಚಾಗೆ ಕೊಟ್ಟೆ. ಅವರು ರಬ್ಬರನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಟೇಪು ಕೊರಳಿಗೆ ಹಾಕಿಕೊಂಡು, "ಶುಕ್ರವಾರ ನಮಾಜ್ ಆದ್ಮೇಲೆ ಬನ್ನಿ" ಎಂದರು.

ಹೊಲಿಗೆ ಮುತ್ತಿನಂತಿತ್ತು. ಆದರೆ ಎದೆಯ ಮೇಲೆ ಒಂದು ಜೇಬು!

"ಚಾಚಾ, ಇದಕ್ಕೆ ಜೇಬು ಯಾಕೆ?"

"ಅರೇ ಸಾಬ್, ಅಷ್ಟು ಆಳಕ್ಕೆ ಹೋಗಿ ಯಾರಾದ್ರೂ ಖಾಲಿ ಕೈಯಲ್ಲಿ ಬರ್ತಾರಾ?"

ನಲವತ್ತು ನಿಮಿಷ

ಕಡೆಯ ಪರೀಕ್ಷೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಜಾರಿಸಿ ಜಾರಿಸಿ ಎರಡು ಸೂಟ್ ತೊಡಿಸುವಷ್ಟರಲ್ಲಿ ಕಾರ್ಖಾನೆಯ ಹೆಂಗಸರಿಬ್ಬರು ಬೆವೆತಿದ್ದರು. ನೀರಿಗಿಳಿದರೆ ಮೇಡಂ ಮುಳುಗುತ್ತಲೇ ಇಲ್ಲ. ರಬ್ಬರ್ ದಪ್ಪವಾದಷ್ಟೂ ತೇಲುತ್ತದೆ ಎಂಬುದನ್ನು ನಾನೇ ಮರೆತಿದ್ದೆ. ಸೊಂಟಕ್ಕೆ ಸೀಸದ ತೂಕ ಕಟ್ಟಿದೆ. ಆಗಲೂ ಮಂಚದ ಮೇಲೆ ಮಲಗಿದ ಹಾಗೆ ನೀರಿನ ಮೇಲೆ ಅಂಗಾತ.

ದಡದಲ್ಲಿ ಕೂತಿದ್ದ ಯಜಮಾನರು ಸಮಾಧಾನ ಹೇಳಿದರು: "ಇಪ್ಪತ್ತೆಂಟು ವರ್ಷಾತ್ರೀ ಸರ್, ಯಾರ್ ತಳ್ಳಿದ್ರೂ ಕೆಳಗ ಹೋದಾಕಿ ಅಲ್ಲ."

ಇನ್ನೆರಡು ತೂಕ ಸೇರಿಸಿದ ಮೇಲೆ ಇಳಿದರು. ಜೊತೆಗೆ ನಾನೂ ಇಳಿದೆ, ಬರೀ ಟೀಶರ್ಟಿನಲ್ಲಿ. ಕಲಿಸುವವನಿಗೆ ಎಂಥ ಚಳಿ ಎಂಬ ಜಂಬ ನನಗೆ.

ಹತ್ತು ನಿಮಿಷವಾಯಿತು. ಮೇಡಂ ಅಲುಗಾಡಲಿಲ್ಲ. ಇಪ್ಪತ್ತಾಯಿತು, ನನ್ನ ಬೆರಳು ಮರಗಟ್ಟಿದವು. ಮೂವತ್ತಕ್ಕೆ ಮೊಣಕಾಲು ಒಂದಕ್ಕೊಂದು ಬಡಿಯತೊಡಗಿದವು. ನಲವತ್ತಕ್ಕೆ ಅವರು ಪಾಸಾದರು! ನನಗೆ ಅವರಿಗಿಂತ ಹೆಚ್ಚು ಖುಷಿಯಾಯಿತು. ಮೇಲೆ ಹೋಗೋಣ ಎಂದು ಸನ್ನೆ ಮಾಡಿದೆ. ಅವರು ತಲೆಯಾಡಿಸಿ ಬೇಡವೆಂದರು. ಇನ್ನೊಮ್ಮೆ ಸನ್ನೆ ಮಾಡಿದೆ. ನೀರೊಳಗೆ ಬರೆಯುವ ನನ್ನ ಪುಟ್ಟ ಸ್ಲೇಟು ಕಿತ್ತುಕೊಂಡು, ದುಂಡಗೆ ಬರೆದು ತೋರಿಸಿದರು:

"ಈಗರೆ ಬೆಚ್ಚಗ ಆಗ್ಯದ. ನಿಮಗ ಥಂಡಿ ಆದ್ರ ನೀವು ಹೋಗ್ರಿ."

ಅವರನ್ನು ಬಿಟ್ಟು ಹೋಗುವ ಹಾಗಿಲ್ಲ. ಇನ್ನೂ ಹನ್ನೆರಡು ನಿಮಿಷ ಕೂತೆ.

ಕೊನೆಗೆ ಮೇಲೆ ಬಂದು, ಜನವರಿಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸಹಿ ಹಾಕಲು ಪೆನ್ನು ಹಿಡಿದರೆ ಕೈ ನಿಲ್ಲುತ್ತಿಲ್ಲ. ಮೇಡಂ ಪಕ್ಕಕ್ಕೆ ಬಂದು ಕೂತು, ಮಗುವಿಗೆ ಅ ಆ ತಿದ್ದಿಸುವ ಹಾಗೆ ನನ್ನ ಕೈ ಹಿಡಿದು ಸಹಿ ಹಾಕಿಸಿಕೊಂಡರು.