ಮುದ್ದೆಯೊಳಗಿನ ನಕ್ಷತ್ರಗುಚ್ಛ

ನಮ್ಮ ಸೋದರಮಾವನಿಗೆ ಹುಚ್ಚು ಎಂದರೆ ನಾನು ಒಪ್ಪುವುದಿಲ್ಲ. ಹುಚ್ಚರು ಆಗಾಗ ಸುಮ್ಮನಿರುತ್ತಾರೆ!

ಗುತ್ತಲಿನಲ್ಲಿ ಒಂಟಿಯಾಗಿರುವ ಈ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಭಾನುವಾರ ಬಂತೆಂದರೆ ಮದ್ದೂರಿನ ನಮ್ಮ ಮನೆಗೆ ಹಾಜರು. ತಂಗಿಯನ್ನು ನೋಡಲು ಬಂದೆ ಎನ್ನುತ್ತಿದ್ದರು. ನೋಡುತ್ತಿದ್ದದ್ದು ಮುದ್ದೆಯನ್ನು! ಅವ್ವನ ಮುದ್ದೆಯಲ್ಲಿ ಯಾವಾಗಲೂ ಗಂಟು. ಬೆಳಕವಾಡಿಯ ಅವಳ ತವರಿನಲ್ಲಿ ಹಿಟ್ಟನ್ನು ಕೋಲಿನಿಂದ ಹೆಚ್ಚು ತೊಳಸುತ್ತಿರಲಿಲ್ಲವಂತೆ. ನಮ್ಮದೋ ದೊಡ್ಡ ಕುಟುಂಬ. ಗಂಟು ಸಿಕ್ಕವರೆಲ್ಲ ಅದನ್ನು ತಟ್ಟೆಯ ಅಂಚಿಗಿಟ್ಟು ಅವ್ವನಿಗೆ ಕಾಣುವಂತೆ ತಿರುಗಿಸುತ್ತಿದ್ದರು. ಮಾವ ಮಾತ್ರ ಅದನ್ನು ಒಡೆದು ಬೆಳಕಿಗೆ ಹಿಡಿಯುತ್ತಿದ್ದರು.

"ನೋಡ್ಲಾ, ಒಳಗೆ ಒಣಹಿಟ್ಟು ಅಂಗೇ ಅದೆ! ಮಂಕು ಗೆಲಾಕ್ಸೀಲಿ ನಕ್ಷತ್ರಗುಚ್ಛ ಇದ್ದಂಗೆ ಕಣ್ಲಾ!"

"ಅದ್ಯಾವುದು ಬಾವ, ಮಂಕು?" ದೊಡ್ಡಪ್ಪ ಕೆಣಕಿದರು.

"ಸಣ್ಣ ಬಡ ಗೆಲಾಕ್ಸಿ. ನಕ್ಷತ್ರ ಉಟ್ಟೋದು ಯಾವತ್ತೋ ನಿಂತೋಗದೆ. ಆದ್ರೂ ಕೆಲವು ಗೆಲಾಕ್ಸೀಲಿ ಅಳೇ ನಕ್ಷತ್ರ ಎಲ್ಲ ಒತ್ತಾಗಿ ಕಚ್ಕೊಂಡು ಒಂದು ಉಂಡೆ ಇರ್ತದೆ. ದೊಡ್ಡ ಗೆಲಾಕ್ಸಿಗಳು ಇಂಥವನ್ನ ನುಂಗೇ ಬೆಳೆಯೋದು. ಬಿಡಿ ನಕ್ಷತ್ರ ಚೆದುರೋಯ್ತವೆ. ಉಂಡೆ ಅಷ್ಟು ಸುಲಭಕ್ಕೆ ಕರಗಾಕಿಲ್ಲ."

"ನಾವು ನುಂಗೋರು ಅನ್ನಿ! ಮೊದ್ಲು ನಿಮ್ ತಂಗೀಗೆ ತೊಳಸೋದು ಕಲ್ಸಿ, ಓಗಿ!"

ಎಲ್ಲರೂ ನಕ್ಕರು. ಅವ್ವನೂ ನಕ್ಕಳೆಂದು ನೆನಪು. ಆದರೆ ನನ್ನ ನೆನಪಿಗೆ ನನ್ನ ಅನುಕೂಲ ಚೆನ್ನಾಗಿ ಗೊತ್ತು. ಆ ಮನೆಯಲ್ಲಿ ಅವಳ ಊರಿನ ಮಾತು, ಹಾಡು, ಸಾರಿನ ರುಚಿ ಒಂದೊಂದಾಗಿ ಕರಗಿದವು. ಉಳಿದದ್ದು ಆ ಗಂಟು.

ಹೋದ ವರ್ಷ ಅವ್ವ ತೀರಿಕೊಂಡಳು. ತಿಥಿಯ ದಿನ ಎಡೆಗೆಂದು ಅಡುಗೆಯವರು ಮಾಡಿದ ಮುದ್ದೆ ಮೊಟ್ಟೆಯಷ್ಟು ನುಣುಪು. ಮಾವ ಎದ್ದು ನಿಂತರು.

"ಇದು ನನ್ ತಂಗಿ ಮುದ್ದೆ ಅಲ್ಲ. ಇದ್ನ ಇಕ್ಕಬ್ಯಾಡಿ. ನಾನ್ ಮಾಡ್ತೀನಿ."

"ಗಂಟು ಮುದ್ದೆನಾ ಎಡೆಗೆ ಇಕ್ಕೋದು? ನೆಂಟ್ರು ಏನಂದ್ಕತಾರೆ ಬಾವ?" ದೊಡ್ಡಪ್ಪ ತಡೆದರು.

ಮಾವ ಕೇಳಲಿಲ್ಲ. ಹುಟ್ಟಿದಾಗಿನಿಂದ ಮುದ್ದೆಕೋಲು ಹಿಡಿಯದವರು ಒಲೆಯ ಮುಂದೆ ಕೂತು ತೊಳಸಿದರು, ಅಳುತ್ತಾ ತೊಳಸಿದರು, ತೊಳಸುತ್ತಲೇ ಇದ್ದರು. ಕೊನೆಗೆ ಇಳಿಸಿ ನೋಡಿದರೆ ಏನು ಹೇಳಲಿ! ಹೆಸರಿಗೊಂದು ಗಂಟಿಲ್ಲ!

ಯಾರೋ ಕಿಸಕ್ಕೆಂದರು. ಮಾವ ಕೋಲು ಹಿಡಿದುಕೊಂಡೇ ಮಂಕಾಗಿ ಕೂತರು.

"ಅತ್ತಗೆ ಸರೀರಿ ಬಾವ," ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಬಂದರು. "ಆಯಮ್ಮ ಇಂಗೆ ಮಾಡ್ತಿರ್ನಿಲ್ಲ." ಹೊಸದಾಗಿ ಎಸರಿಟ್ಟು, ಹಿಟ್ಟು ಸುರಿದು, ಎರಡು ಸುತ್ತು ತಿರುಗಿಸಿ ಕೋಲನ್ನು ತೆಗೆದೇಬಿಟ್ಟರು. "ಇಷ್ಟೇಯ."

ಎಡೆಯಾದ ಮೇಲೆ ಆ ಮುದ್ದೆಯನ್ನೇ ಮುರಿದು ಎಲ್ಲರಿಗೂ ಹಂಚಿದರು. ನಮ್ಮ ಕಡೆ ಮುದ್ದೆಯನ್ನು ನುಂಗುತ್ತಾರೆ, ಅಗಿಯುವುದಿಲ್ಲ. ದೊಡ್ಡಪ್ಪನ ಬಾಯಿಗೆ ಗಂಟು ಸಿಕ್ಕಿತು. ಅವರು ಅದನ್ನು ಎಲೆಯ ಅಂಚಿಗಿಡಲಿಲ್ಲ. ತಲೆ ತಗ್ಗಿಸಿಕೊಂಡು, ಒಳಗಿನ ಒಣಹಿಟ್ಟು ನಾಲಿಗೆಗೆ ತಾಕುವವರೆಗೂ ಅಗಿದರು.