ಮಗಳ ಮೊದಲ ಕಾರು, ಅಪ್ಪನ ಹಳೇ ಅನುಭವ

ಒಂದು ಸಾಮಾನ್ಯ ಕೆಲಸವನ್ನು ಸಾಮಾನ್ಯವಾಗಿ ಮಾಡಿ ಮುಗಿಸುವ ಅಭ್ಯಾಸ ನಮ್ಮ ಮನೆಗಿಲ್ಲ. ಮೊಳೆ ಹೊಡೆಯಲು ಹೋದರೆ ಗೋಡೆಯೇ ಬದಲಾಗುತ್ತದೆ. ನಾವಿರುವ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಮಕ್ಕಳಿಗೆ ಹದಿನಾರು ತುಂಬುತ್ತಿದ್ದಂತೆ ತಂದೆತಾಯಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸಿ, ದೇವರ ಮೇಲೆ ಭಾರ ಹಾಕಿ ಸುಮ್ಮನಾಗುತ್ತಾರೆ. ನಮ್ಮ ಮಗಳಿಗೆ ಮಾತ್ರ ಮಸಲ್ ಕಾರೇ ಬೇಕಿತ್ತು. ಅಂದರೆ ಉದ್ದ ಮೂತಿ, ಎರಡೇ ಬಾಗಿಲು, ಲಾರಿಗೆ ಸಾಲುವಷ್ಟು ದೊಡ್ಡ ಎಂಜಿನ್ನು, ಮತ್ತು ಅವರಪ್ಪನಿಗಿಂತ ಹೆಚ್ಚು ವಯಸ್ಸು.

"ಅಷ್ಟು ಹಳೇದು ಯಾಕೇ?" ಎಂದೆ.

"ಅಮ್ಮಾ, ಇಟ್ಸ್ ನಾಟ್ ಓಲ್ಡ್. ಇಟ್ಸ್ ಕ್ಲಾಸಿಕ್."

ಹಾಗಾದರೆ ನನ್ನ ಮೊಣಕಾಲೂ ಕ್ಲಾಸಿಕ್ಕೇ. ಅದನ್ನು ರಿಪೇರಿ ಮಾಡಿಸಲು ಮಾತ್ರ ಮನೆಯಲ್ಲಿ ಯಾರಿಗೂ ಇಷ್ಟು ಉತ್ಸಾಹ ಬಂದಿರಲಿಲ್ಲ.

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಏರ್‌ಬ್ಯಾಗ್ ಇಲ್ಲದ ಕಾರಿನಲ್ಲಿ ಮಗಳು ಹೈವೇ ಹತ್ತುವುದನ್ನು ನೆನೆದರೆ ಎದೆ ಧಸಕ್ಕೆನ್ನುತ್ತಿತ್ತು. ಬೇಡವೆಂದೆ. ನಮ್ಮವರು, ಅಂದರೆ ನನ್ನ ಗಂಡ, ಸಾಫ್ಟ್‌ವೇರ್ ಮ್ಯಾನೇಜರು. ಇಬ್ಬರಿಗೂ ಸಮಾಧಾನವಾಗದಂಥ ರಾಜಿ ಮಾಡಿಸುವುದೇ ಅವರ ಉದ್ಯೋಗ. "ಲೈಸೆನ್ಸಿನ ರೋಡ್ ಟೆಸ್ಟ್ ಒಳಗೆ ಕಾರು ರೆಡಿಯಾಗಿ ರಸ್ತೆಗಿಳಿದ್ರೆ ಅದು ನಿಂದು. ಇಲ್ಲಾಂದ್ರೆ ಅಮ್ಮನ ಮಿನಿವ್ಯಾನು ನಿಂದು" ಎಂದು ಮಗಳಿಗೆ ಹೇಳಿದರು.

ಮಗಳು ಮಿನಿವ್ಯಾನಿನ ಕಡೆ ನೋಡಿದಳು. ಹಿಂದಿನ ಕಿಟಕಿಗೆ ಅವಳೇ ಮೂರನೇ ಕ್ಲಾಸಿನಲ್ಲಿ ಅಂಟಿಸಿದ ಚಿಟ್ಟೆಗಳು ಇನ್ನೂ ಇದ್ದವು. ತಕ್ಷಣ ಅಪ್ಪನ ಕೈ ಕುಲುಕಿದಳು. ನಾನು ಒಳಗೊಳಗೇ ಚಿಟ್ಟೆಗಳ ಪಕ್ಷ ಸೇರಿದೆ.

"ಹಳೇ ಕಾರು ನನಗೇನು ಹೊಸದಾ? ಮೈಸೂರಲ್ಲಿ ಅಪ್ಪನ ಕಾರು ಯಾರು ನೋಡ್ಕೋತಿದ್ರು ಅಂದ್ಕೊಂಡಿದೀಯ?" ಎಂದು ನಮ್ಮವರು ನನಗೆ ಧೈರ್ಯ ಹೇಳಿದರು. ಈ ಮಾತನ್ನು ನೀವು ಸ್ವಲ್ಪ ನೆನಪಿನಲ್ಲಿಡಿ.

೧. ಇಳಿಜಾರಿನ ಕಾರು

ಹುಡುಕಾಟ ಶುರುವಾಯಿತು. ತಂದೆ ಮಗಳು ಸೋಫಾದಲ್ಲಿ ಕೂತು ಫೋನಿನಲ್ಲಿ ಫೋಟೋ ನೋಡುವುದು, ಹಿಂದಿನ ಕಾಲದಲ್ಲಿ ವಧೂವರಾನ್ವೇಷಣೆಯವರು ಮನೆಗೆ ತರುತ್ತಿದ್ದ ಫೋಟೋಗಳನ್ನು ನೋಡಿದ ಹಾಗೇ ಇತ್ತು. ಎಲ್ಲ ಫೋಟೋಗಳೂ ಒಂದೇ ಬದಿಯಿಂದ. ಇನ್ನೊಂದು ಬದಿ ಯಾಕಿಲ್ಲ ಎಂದು ಕೇಳಿದರೆ ನಮ್ಮವರು "ನೆಗೆಟಿವ್ ಆಗಿ ಯೋಚಿಸಬೇಡ" ಎನ್ನುತ್ತಿದ್ದರು.

ಮೊದಲು ನೋಡಿದ್ದು ಹತ್ತಿರದ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಹಸಿರು ಕಾರು. ಮಗಳು ಬಾಗಿಲು ತೆಗೆದಳು. ಬಾಗಿಲು ಅವಳ ಕೈಯಲ್ಲೇ ಉಳಿಯಿತು. ಮಾಲೀಕ ಅದನ್ನು ಅವಳ ಕೈಯಿಂದ ಶಾಂತವಾಗಿ ಇಸಿದುಕೊಂಡು ಗೋಡೆಗೆ ಒರಗಿಸಿದ.

"ಓಡತ್ತಾ?" ಎಂದು ನಮ್ಮವರು ಕೇಳಿದರು.

"ಬಹಳ ಚೆನ್ನಾಗಿ ಓಡತ್ತೆ. ಸ್ವಲ್ಪ ಇಳಿಜಾರು ಇರಬೇಕು, ಅಷ್ಟೇ."

ಇಲಿನಾಯ್ ಎಂಥ ರಾಜ್ಯವೆಂದರೆ, ಇಲ್ಲಿ ನೆಲದ ಮೇಲೆ ದೋಸೆ ಹಿಟ್ಟು ಹೊಯ್ದರೂ ಹರಿಯುವುದಿಲ್ಲ. ಆದರೂ ನಮ್ಮವರು ವಾಪಸು ಬರುವಾಗ ದಾರಿಯುದ್ದಕ್ಕೂ ಎಕ್ಸಿಟ್ಟುಗಳನ್ನು ನೋಡುತ್ತಾ, "ಈ ಫ್ಲೈಓವರ್‌ನಿಂದ ನಮ್ಮನೆಗೆ ಇಳಿಜಾರೇ ಅಲ್ವಾ?" ಎಂದರು.

೨. ಗಡಿ ದಾಟಿದ ರಾಹು

ಕೊನೆಗೆ ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ ಕಾರು ಸಿಕ್ಕಿತು. ಕಡುನೀಲಿ ಬಣ್ಣ, ಮಾರುವವರು ಕಾರು ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದ ಅಜ್ಜ. ಒಂದು ಭಾನುವಾರ ನಾವು ಮೂವರೂ ಹೊರಟೆವು. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, "ವ್ಯಾಪಾರದ ಮಾತು, ಹಿರಿಯರೊಬ್ಬರು ಬೇಕು" ಎಂದು ಪುಳಿಯೋಗರೆ ಡಬ್ಬಿಯ ಸಮೇತ ಮುಂದಿನ ಸೀಟಿನಲ್ಲಿ ಕೂತರು.

ಅಜ್ಜ ನಮ್ಮನ್ನು ಗ್ಯಾರೇಜಿನಲ್ಲಿ ಸಾಲಾಗಿ ನಿಲ್ಲಿಸಿ ಇಂಟರ್‌ವ್ಯೂ ಮಾಡಿದರು. ಯಾರ ಕೈಗೆಂದರೆ ಅವರ ಕೈಗೆ ಕೊಡುವುದಿಲ್ಲವಂತೆ. ಮಗಳ ಉತ್ತರಗಳಿಗೆ ತಲೆಯಾಡಿಸಿದರು. ಆಮೇಲೆ ನಮ್ಮವರ ಕಡೆ ತಿರುಗಿ, "ಇದು ಆಟೋಮ್ಯಾಟಿಕ್ ಅಲ್ಲ. ಕ್ಲಚ್ಚು, ಗೇರು ಎಲ್ಲಾ ಇದೆ. ಓಡಿಸೋಕೆ ಬರತ್ತಾ?" ಎಂದು ಕೇಳಿದರು.

ನಮ್ಮವರು ನಕ್ಕರು. "ಸರ್, ನಾವು ಇಂಡಿಯಾದವರು."

ಅಜ್ಜನಿಗೆ ಅಷ್ಟೇ ಸಾಕಾಯಿತು. ನನಗೆ ಮೈಸೂರಿನ ಡ್ರೈವಿಂಗ್ ಸ್ಕೂಲು ನೆನಪಾಯಿತು. ಗೇರು ತಪ್ಪಿದರೆ ಅಲ್ಲಿನ ಮಾಸ್ತರು ಸ್ಕೇಲಿನಿಂದ ಗೆಣ್ಣಿಗೆ ತಟ್ಟುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಕಾರಿನ ಬಾನೆಟ್ ಎತ್ತಿ ನೋಡಬೇಕು, ಅಷ್ಟರಲ್ಲಿ ಅತ್ತೆ ಕೈಗಡಿಯಾರ ನೋಡಿ ಗಾಬರಿಯಾದರು. "ಭಾನುವಾರ ಕಣೋ, ನಾಲ್ಕೂವರೆಗೆ ರಾಹುಕಾಲ ಶುರು. ಅದರೊಳಗೆ ಮುಗಿಸು."

"ಅಮ್ಮ, ಎಂಜಿನ್ ನೋಡ್ಬೇಕು."

"ಎಂಜಿನ್ ಎಲ್ಲಿಗೆ ಹೋಗತ್ತೆ? ಮನೇಲಿ ನೋಡು."

ಎಂಜಿನ್ ನೋಡದೆ, ಅಡಿಯಲ್ಲಿ ಬಗ್ಗದೆ, ಚೌಕಾಸಿ ಮಾಡದೆ ನಮ್ಮವರು ಸಹಿ ಹಾಕಿದರು. ಅತ್ತೆಯ ಗಡಿಯಾರದಲ್ಲಿ ಆಗ ನಾಲ್ಕು ಇಪ್ಪತ್ತು. ಅತ್ತೆ ನಿಟ್ಟುಸಿರುಬಿಟ್ಟು ಅಜ್ಜನಿಗೆ ಪುಳಿಯೋಗರೆ ಬಡಿಸಿದರು. ಆಗ ಮಗಳು ಗೋಡೆಯ ಗಡಿಯಾರ ತೋರಿಸಿದಳು. ಐದು ಇಪ್ಪತ್ತು. ಶಿಕಾಗೋಗಿಂತ ಡೆಟ್ರಾಯಿಟ್ ಒಂದು ಗಂಟೆ ಮುಂದೆ ಎಂಬುದನ್ನು ನಾವೆಲ್ಲ ಮರೆತಿದ್ದೆವು. ಸಹಿ ಬಿದ್ದದ್ದು ರಾಹುಕಾಲದ ನಟ್ಟನಡುವೆ.

ಅತ್ತೆ ತಮ್ಮ ಗಡಿಯಾರವನ್ನು ಸೆರಗಿನಿಂದ ಮುಚ್ಚಿದರು. ಆಮೇಲೆ, "ರಾಹು ನಮ್ಮ ಮನೆ ಅಡ್ರೆಸ್ ಪ್ರಕಾರ ಬರ್ತಾನೆ, ಊರೂರಿಗೆ ಗಡಿಯಾರ ಬದಲಾಯಿಸಲ್ಲ" ಎಂದು ತೀರ್ಪು ಕೊಟ್ಟರು.

ಮರುದಿನ ಅಜ್ಜನ ಪರಿಚಯದ ಟ್ರೇಲರಿನವನು ಕಾರನ್ನು ನಮ್ಮ ಮನೆ ಮುಂದೆ ಇಳಿಸಿದ. ನಮ್ಮವರು ಬಾನೆಟ್ ಎತ್ತಿದರು. ಒಳಗೆ ಎಂಜಿನ್ ಇತ್ತು. ಅದರ ಮೇಲೆ ಇಲಿಗಳ ಸಂಸಾರವೂ ಇತ್ತು. ರಾಹು ಅಡ್ರೆಸ್ ಸರಿಯಾಗಿಯೇ ಹುಡುಕಿಕೊಂಡು ಬಂದಿದ್ದ.

೩. ಹುಣಸೆಹಣ್ಣಿನ ವರ್ಕ್‌ಶಾಪು

ಚಳಿಗಾಲ ಪೂರ್ತಿ ರಿಪೇರಿ. ಮಗಳು ಸ್ಕೂಲಿನ ಕಾರು ರಿಪೇರಿ ಕ್ಲಾಸಿನಲ್ಲಿ ಕಲಿತದ್ದನ್ನು ಮಾಡುತ್ತಿದ್ದಳು. ನಮ್ಮವರು ಪಕ್ಕದಲ್ಲಿ ವಿಡಿಯೋ ನೋಡುತ್ತಾ, ಅವಳು ಮಾಡಿ ಮುಗಿಸಿದ್ದನ್ನು ಹೇಗೆ ಮಾಡಬೇಕೆಂದು ಹೇಳಿಕೊಡುತ್ತಿದ್ದರು. ಮನೆಗೆ ಬಂದ ಸ್ಪ್ಯಾನರುಗಳನ್ನು ಸಾಲಾಗಿಟ್ಟರೆ ಇಡೀ ಬೀದಿಯ ಆಯುಧಪೂಜೆ ನಡೆಸಬಹುದಿತ್ತು.

ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್. ಹಾಗಾಗಿ ಗ್ಯಾರೇಜು ಮೆಲ್ಲಗೆ ಅಡುಗೆಮನೆಗೆ ನುಸುಳಿತು. ಒಂದು ಶನಿವಾರ ಕಾರ್ಬ್ಯುರೇಟರ್ ನನ್ನ ಊಟದ ಮೇಜಿನ ಮೇಲೆ ಕೂತಿತ್ತು. ಮೈಯೆಲ್ಲ ಕಪ್ಪು ಜಿಡ್ಡು. ಯಾವ ಕೆಮಿಕಲ್ ಹಾಕಿದರೂ ಹೋಗಲಿಲ್ಲವೆಂದು ಮಗಳು ಸಪ್ಪಗೆ ಕೂತಿದ್ದಳು.

"ನಿಮ್ಮ ಕೆಮಿಕಲ್ ಒಲೆಗೆ ಹಾಕು" ಎಂದು ಅತ್ತೆ ಅದನ್ನು ಎತ್ತಿಕೊಂಡು ಹೋದರು. ದೇವರ ದೀಪಗಳ ಜೊತೆಯಲ್ಲೇ ಹುಣಸೆಹಣ್ಣಿನ ನೀರಿನಲ್ಲಿ ಮುಳುಗಿಸಿ, ಸಂಜೆ ತೆಂಗಿನ ನಾರಿನಿಂದ ತಿಕ್ಕಿದರು. ನಿಜ ಹೇಳಬೇಕು, ಫಳಫಳ ಹೊಳೆಯಿತು. ಮಗಳು ಅಜ್ಜಿಯನ್ನು ತಬ್ಬಿಕೊಂಡಳು. ನಮ್ಮವರು ಫೋಟೋ ತೆಗೆದು ಆಫೀಸಿನವರಿಗೆಲ್ಲ ಕಳಿಸಿ, ತಾವೇ ಕ್ಲೀನ್ ಮಾಡಿದ್ದೆಂದು ಬರೆದರು.

ಅತ್ತೆ ಇದನ್ನೆಲ್ಲ ಯಾವ ಪಾತ್ರೆಯಲ್ಲಿ ನೆನೆಹಾಕಿದ್ದರೆಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಮರುದಿನ ಊಟಕ್ಕೆ ಕೂತಾಗ ಹೊಳೆಯಿತು. ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಪೆಟ್ರೋಲ್ ಬಂಕಿನ ವಾಸನೆ. ನಾನು ಪಾತ್ರೆಯನ್ನು ಹಾಗೇ ಎತ್ತಿಕೊಂಡು ಕಸದ ಡಬ್ಬಿಗೆ ನಡೆದೆ. ಹಿಂದಿನಿಂದ ನಮ್ಮವರು, "ಚೆಲ್ಲಬೇಡ್ವೇ, ನಾಳೆ ಟ್ಯಾಂಕಿಗೆ ಹಾಕಿ ನೋಡೋಣ" ಎಂದರು.

೪. ಗಿರಣಿ

ವಸಂತ ಬಂದಾಗ ಎಂಜಿನ್ ಸ್ಟಾರ್ಟ್ ಮಾಡುವ ದಿನ ಬಂತು. ನಾನು ಅಡುಗೆಮನೆಯಲ್ಲಿ ನಿಂತು, ಆಗದಿರಲಪ್ಪಾ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಮೊದಲ ಸಲ ಸ್ಟಾರ್ಟ್ ಆಗಲಿಲ್ಲ. ಎರಡನೇ ಸಲವೂ ಇಲ್ಲ. ದೇವರಿಗೆ ಥ್ಯಾಂಕ್ಸ್ ಹೇಳೋಣವೆಂದು ಕಣ್ಣು ಮುಚ್ಚಿದೆ. ಮನೆ ನಡುಗಿತು. ಕಪಾಟಿನ ಲೋಟಗಳು ತಾವಾಗಿಯೇ ತಾಳ ಹಾಕಿದವು.

ಹೊರಗೆ ಓಡಿದೆ. ಮಗಳು ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡು ಸ್ಟೀರಿಂಗ್ ಹಿಡಿದು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅದನ್ನು ನೋಡಿ ನನ್ನ ಹಟ ಕರಗಿತು. ಹೊಸ ಬ್ರೇಕು, ಹೆಗಲಿಗೂ ಬರುವ ಸೀಟ್ ಬೆಲ್ಟು, ಎರಡನ್ನೂ ಹಾಕಿದರೆ ಒಪ್ಪುತ್ತೇನೆಂದು ಅಲ್ಲೇ ಕೂಗಿ ಹೇಳಿದೆ. ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಎಂಜಿನ್ ಆಫ್ ಮಾಡಿಸಿ ಮತ್ತೆ ಹೇಳಬೇಕಾಯಿತು.

ಅಷ್ಟರಲ್ಲಿ ಎದುರು ಮನೆಯ ಹುಬ್ಬಳ್ಳಿ ಅಂಕಲ್ ಚಪ್ಪಲಿ ಕೂಡ ಮೆಟ್ಟದೆ ಬಂದರು. ಜಗಳಕ್ಕೇ ಬಂದರೆಂದು ನಮ್ಮವರು ನನ್ನ ಹಿಂದೆ ನಿಂತರು.

"ಏನ್ರೀ ಇದು, ಮನ್ಯಾಗ ಗಿರಣಿ ಹಾಕೀರೇನು?"

"ಸಾರಿ ಅಂಕಲ್, ಮಗಳ ಕಾರು."

"ಕಾರ್ ಏನ್ರೀ?" ಅವರ ಮುಖ ಬಾಡಿತು. "ನಾ ಜ್ವಾಳಾ ತರಾಕ ಹೇಳಿ ಬಂದೀನಿ ಮನಿಯಾಕಿಗೆ."

೫. ನಾಲ್ಕು ನಿಂಬೆಹಣ್ಣು

ಬ್ರೇಕು ಬಂತು, ಬೆಲ್ಟು ಬಂತು, ನಂಬರ್ ಪ್ಲೇಟೂ ಬಂತು. ರೋಡ್ ಟೆಸ್ಟಿಗೆ ಎರಡು ವಾರವಿತ್ತು. ಇನ್ನೇನು ಮಗಳು ಓಡಿಸಿ ಕಲಿಯುವುದಷ್ಟೇ ಬಾಕಿ. ಆಗ ಅತ್ತೆ, "ಪೂಜೆ ಆಗದೆ ಚಕ್ರ ಉರುಳಬಾರದು" ಎಂದರು. ಬೇರೆ ದಿನವಾಗಿದ್ದರೆ ನಮ್ಮವರು ಸೈನ್ಸ್ ಮಾತಾಡುತ್ತಿದ್ದರು. ಅವತ್ತು, "ಅಮ್ಮ ಹೇಳೋದು ಸರಿ" ಎಂದು ಎಲ್ಲರಿಗಿಂತ ಮೊದಲು ಒಪ್ಪಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಚಕ್ರ ಉರುಳಬಾರದಲ್ಲ? ಆದ್ದರಿಂದ ಕಾರನ್ನು ಟೋ ಟ್ರಕ್ಕಿನ ಮೇಲೆ ಹೇರಿ ದೇವಸ್ಥಾನಕ್ಕೆ ತಂದೆವು. ಟ್ರಕ್ಕಿನವನು ಇಳಿಸುತ್ತಾ, "ಕೆಟ್ಟ ಕಾರನ್ನು ಗ್ಯಾರೇಜಿಗೆ ಒಯ್ದಿದೀನಿ. ಸರಿಯಾಗಿರೋ ಕಾರನ್ನು ದೇವರ ಹತ್ತಿರ ತಂದಿದ್ದು ಇದೇ ಮೊದಲು" ಎಂದ.

ಪಾರ್ಕಿಂಗ್ ಲಾಟಿನಲ್ಲಿ ಪೂಜೆ. ಅರ್ಚಕರು ಬಾನೆಟ್ಟಿಗೆ ಕುಂಕುಮ ಇಡಲು ಹೋದರೆ ನಮ್ಮವರು ಪೇಂಟ್ ಹಾಳಾಗುತ್ತದೆಂದು ಟಿಶ್ಯೂ ಪೇಪರ್ ಹಾಸಿದರು. ಮಂಗಳಾರತಿ ಆಯಿತು, ಕಾಯಿ ಒಡೆದದ್ದಾಯಿತು. ನಾಲ್ಕು ಚಕ್ರಗಳ ಅಡಿಗೂ ಒಂದೊಂದು ನಿಂಬೆಹಣ್ಣು ಇಟ್ಟು ಅರ್ಚಕರು, "ಹೂಂ, ಮುಂದಕ್ಕೆ ತಗೊಳ್ಳಿ" ಎಂದರು. ಹಿಂದೆ ಪೂಜೆಗೆ ಇನ್ನೂ ಮೂರು ಕಾರುಗಳು ಕಾಯುತ್ತಿದ್ದವು. ದೇವಸ್ಥಾನ ಕಮಿಟಿಯ ಅಧ್ಯಕ್ಷರು ಬಿಳಿ ರೇಷ್ಮೆ ಜುಬ್ಬಾದಲ್ಲಿ ನಮ್ಮ ಕಾರಿನ ಹಿಂದೆಯೇ ನಿಂತು ಫೋಟೋ ತೆಗೆಯುತ್ತಿದ್ದರು.

ನಮ್ಮವರು ಕೂತರು. ಕಾರು ಒಂದು ಸಲ ಬಿಕ್ಕಳಿಸಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಬಿಕ್ಕಳಿಕೆ. ಅರ್ಚಕರು ಮುಗಿದಿದ್ದ ಮಂತ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ನಮ್ಮವರ ಹಣೆಯಲ್ಲಿ ಬೆವರು.

"ರೀ, ನಿಧಾನ" ಎಂದೆ.

"ನನಗೆ ಗೊತ್ತು" ಎಂದು ಆಕ್ಸಿಲರೇಟರನ್ನು ಪೂರ್ತಿ ತುಳಿದು, ಕ್ಲಚ್ಚಿನಿಂದ ಕಾಲನ್ನು ಬಿಸಿ ಹೆಂಚಿನಿಂದ ತೆಗೆದಂತೆ ತೆಗೆದರು.

ಆಮೇಲೆ ನಡೆದದ್ದಕ್ಕೆ ಇಡೀ ಪಾರ್ಕಿಂಗ್ ಲಾಟು ಸಾಕ್ಷಿ. ಹಿಂದಿನ ಎರಡು ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಕಿರುಚಿದವು, ಹೊಗೆ ಎದ್ದಿತು, ಎಂಜಿನ್ ಸತ್ತಿತು. ಮುಂದಿನ ಎರಡು ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹಿಂದಿನ ಎರಡರಲ್ಲಿ ಒಂದು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಸಿಕ್ಕಿತು. ಇನ್ನೊಂದು ಅಧ್ಯಕ್ಷರ ಜುಬ್ಬಾದ ಮೇಲೆ, ರಸ, ಬೀಜ, ಸಿಪ್ಪೆ ಸಮೇತ ಇತ್ತು.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಅರ್ಚಕರು ಬಹಳ ವಿನಯದಿಂದ, "ಈ ಗಾಡಿ ಓಡಿಸೋಕೆ ಬರೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಇವರಿಗೇ ಬರತ್ತಲ್ಲ. ಮೈಸೂರಲ್ಲಿ ಮಾವನ ಕಾರು ಇವರೇ ನೋಡ್ಕೋತಿದ್ರಂತೆ" ಎಂದೆ.

ಅತ್ತೆ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ಇವನು ಯಾವತ್ತು ಓಡಿಸಿದ್ನೇ? ಅವರಪ್ಪ ಕೀ ಮುಟ್ಟೋಕೂ ಬಿಡ್ತಿರಲಿಲ್ಲ. ಇವನು ಭಾನುವಾರ ಕಾರು ತೊಳೀತಿದ್ದ, ಅಷ್ಟೇ."

ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗದ ಸಂಗತಿ ನೂರು ಜನರ ಮುಂದೆ ಗೊತ್ತಾಯಿತು. ನಮ್ಮವರು ಸ್ಟೀರಿಂಗನ್ನೇ ನೋಡುತ್ತಾ, "ನೋಡ್ಕೋತಿದ್ದೆ ಅಂದ್ನೇ ಹೊರತು ಓಡಿಸ್ತಿದ್ದೆ ಅನ್ಲಿಲ್ಲ" ಎಂದರು.

ಮಗಳ ಮುಖ ಸಣ್ಣಗಾಯಿತು. ಕಲಿಸುವವರೇ ಇಲ್ಲದಿದ್ದರೆ ಎರಡು ವಾರದಲ್ಲಿ ಟೆಸ್ಟ್ ಕೊಡುವುದು ಹೇಗೆ? ಅವಳ ಕಣ್ಣಮುಂದೆ ಚಿಟ್ಟೆಗಳು ಹಾರಾಡುತ್ತಿದ್ದದ್ದು ನನಗೇ ಕಾಣುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು, ಮಿನಿವ್ಯಾನು ಗೆಲ್ಲುತ್ತಿತ್ತು. ಆದರೆ ಆ ಗ್ರೀಸು ಮೆತ್ತಿದ ಕೆನ್ನೆ ನೆನಪಾಯಿತು.

"ಇಳೀರಿ" ಎಂದೆ ನಮ್ಮವರಿಗೆ.

ಮೈಸೂರು ಸಿಲ್ಕಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಅರ್ಚಕರು ಹಿಂದಿನ ಚಕ್ರಗಳಿಗೆ ಹೊಸ ನಿಂಬೆಹಣ್ಣು ಇಟ್ಟರು. ಅಧ್ಯಕ್ಷರು ಹದಿನೈದು ಅಡಿ ದೂರ ಹೋಗಿ ನಿಂತರು. ಮೊದಲ ಗೇರು, ಹಾಫ್ ಕ್ಲಚ್, ಮೆಲ್ಲಗೆ ಆಕ್ಸಿಲರೇಟರು. ಕಿವಿಯಲ್ಲಿ ಮಾಸ್ತರ ಸ್ಕೇಲಿನ ಸದ್ದು. ನಾಲ್ಕೂ ನಿಂಬೆಹಣ್ಣು ಪಿಚಕ್ಕೆಂದವು. ಆಂಟಿಯರೆಲ್ಲ ಚಪ್ಪಾಳೆ ತಟ್ಟಿದರು. ಮಗಳು, "ಅಮ್ಮಾ, ಯು ಕ್ಯಾನ್ ಡ್ರೈವ್ ಸ್ಟಿಕ್ ಶಿಫ್ಟ್? ವೈ ಡಿಡಂಟ್ ಯು ಟೆಲ್ ಅಸ್?" ಎಂದಳು.

"ಯಾರು ಕೇಳಿದ್ರಿ?" ಎಂದೆ.

ಮನೆಗೆ ನಾನೇ ಓಡಿಸಿದೆ. ಪಕ್ಕದಲ್ಲಿ ಮಗಳು. ಹಿಂದಿನ ಸೀಟು ಎಂಬ ಹೆಸರಿನ ಶೆಲ್ಫಿನ ಮೇಲೆ ಅತ್ತೆ ಮತ್ತು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡ ನಮ್ಮವರು. ಮುಂದಿನ ಎರಡು ವಾರ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಮಗಳಿಗೆ ಹಾಫ್ ಕ್ಲಚ್ ಕಲಿಸಿದೆ. ಗೇರು ತಪ್ಪಿದಾಗ ಸ್ಕೇಲು ಹುಡುಕಿದೆ. ಅಮೆರಿಕ ಎಂಬುದು ನೆನಪಾಗಿ ಬಿಟ್ಟೆ. ಅವಳು ಅದೇ ಕಾರಿನಲ್ಲಿ ಟೆಸ್ಟ್ ಪಾಸಾದಳು.

ಈಗ ಅವಳು ದಿನಾ ಅದರಲ್ಲೇ ಸ್ಕೂಲಿಗೆ ಹೋಗುತ್ತಾಳೆ. ನನಗೆ ದಿನಾ ಎದೆ ಧಸಕ್ಕೆನ್ನುತ್ತದೆ. ಆ ಎಂಜಿನ್ನಿನ ಸದ್ದು ಎರಡು ಬೀದಿ ಆಚೆಯಿಂದ ಕೇಳಿದ ಮೇಲೇ ಸಮಾಧಾನ. ಇನ್ನು ನಮ್ಮವರ ಮೈಸೂರಿನ ಅನುಭವವೂ ವ್ಯರ್ಥವಾಗಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಕೆಟ್ಟು, ಸ್ಪಂಜು ಹಿಡಿದು ಹೊರಗೆ ಹೋಗುತ್ತಾರೆ. ಮಗಳು ಕೀ ಮಾತ್ರ ಕೊಡುವುದಿಲ್ಲ.