ಮಾವನ ಸೊಂಟ, ಅತ್ತೆಯ ಊಟ

ಇಳಕಲ್ಲಿನ ನನ್ನ ಸೋದರಮಾವನಷ್ಟು ನಾಚಿಕೆಗೆಟ್ಟ ಮನುಷ್ಯ ನಮ್ಮ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ! ಸೊಂಟದ ಕೀಲು ಬದಲಿಸಿಕೊಂಡವರು ಯಾರೇ ಸಿಗಲಿ, ಕ್ಷೇಮಸಮಾಚಾರಕ್ಕಿಂತ ಮೊದಲು ಹೊಲಿಗೆ ತೋರಿಸಿ ಅನ್ನುತ್ತಿದ್ದರು. ಬಾಗಲಕೋಟೆಯ ಒಂದು ಮದುವೆಯಲ್ಲಿ ವರನ ಅಜ್ಜನನ್ನು ಕೋಣೆಗೆ ಕರೆದೊಯ್ದು ಧೋತರ ಸಡಿಲಿಸಿಯೇಬಿಟ್ಟರು. ಅಜ್ಜನನ್ನು ಹುಡುಕುತ್ತ ಬಂದ ಬೀಗರು ಬಾಗಿಲು ತೆರೆದವರು ಹಾಗೇ ಮುಚ್ಚಿಕೊಂಡು ಹೋದರು.

ಮಾವನ ಸೊಂಟವೇನು ಸುಖವಾಗಿತ್ತೇ? ಕೀಲು ಸವೆದು, ಮಗ್ಗುಲು ಬದಲಿಸಿದರೆ ಓಣಿಗೆಲ್ಲ ಕೇಳುವ ನರಳಾಟ. ಆದರೂ ದವಾಖಾನೆಗೆ ಹೋದರೆ, ಹಳೆಯ ಸಾಲಿ ಮಾಸ್ತರಲ್ಲವೇ, ಡಾಕ್ಟರರಿಗೇ ಪರೀಕ್ಷೆ! ಎಲ್ಲಿಂದ ಕೊಯ್ಯುತ್ತೀರಿ? ಹಿಂದಿನಿಂದ ಎಂದರೆ, ಬಗ್ಗಿದಾಗ ಕೀಲಿನ ಗುಂಡು ಅದರ ಬಟ್ಟಲಿನಿಂದ ಜಾರೀತೆಂಬ ತಕರಾರು. ಪಕ್ಕದಿಂದ ಎಂದರೆ, ಕುಂಟು ಉಳಿದೀತು. ಮುಂದಿನಿಂದ ಎಂದರೆ ಮಾತ್ರ ಮುಖ ಅರಳುತ್ತಿತ್ತು. ಸ್ನಾಯು ಕತ್ತರಿಸದೆ ಸರಿಸಿ ಒಳಹೋಗುತ್ತಾರಂತೆ! ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ.

“ಮುಗಿದಮ್ಯಾಲೆ ನಾ ನೆಲದಮ್ಯಾಲೆ ಕುಂದ್ರಬಹುದೇನ್ರಿ?”

ಈ ಹಟಕ್ಕೆ ಕಾರಣ ಅತ್ತೆ. ಅವಳಿಗೆ ಮರೆವು ಹತ್ತಿದೆ. ಹೆತ್ತ ಮಗಳ ಹೆಸರೂ ಹೋಗಿದೆ. ಉಳಿದದ್ದು ಒಂದೇ ರೂಢಿ: ಗಂಡ ಪಕ್ಕದ ಮಣೆಯ ಮೇಲೆ ಕೂತು ಮೊದಲ ತುತ್ತು ಎತ್ತದೆ ಅವಳು ಉಣ್ಣುವುದಿಲ್ಲ. ಹೀಗಾಗಿ ಮಾವ ದಿನವೂ ಹಲ್ಲುಕಚ್ಚಿ ಆ ಕೆಂಪು ಕಲ್ಲಿನ ನೆಲಕ್ಕೆ ಇಳಿಯುತ್ತಿದ್ದರು.

ಬಾಗಲಕೋಟೆಯ ಡಾಕ್ಟರು ಕನ್ನಡಕ ತೆಗೆದಿಟ್ಟರು. “ಮಾಸ್ತರ್ರ, ಯಾವ ಕಡಿಂದ ಕೊಯ್ದರೂ ಅಷ್ಟರಿ. ನಿಮ್ಮ ಎಲುಬಿಗೆ ನೆಲ ಆಗೂದಿಲ್ಲ.”

ಮಾವ ಎದ್ದು ಬಂದರು. ಬಾದಾಮಿಯಲ್ಲಿ ಇನ್ನೊಬ್ಬ ಡಾಕ್ಟರಿದ್ದಾರೆಂದು ದಾರಿಯುದ್ದಕ್ಕೂ ಹೇಳಿದರು. ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಮಧ್ಯಾಹ್ನ ಮಣೆಯಿಂದ ಏಳಲು ಹೋಗಿ ಬಿದ್ದು, ಸೊಂಟವೇ ಮುರಿಯಿತು. ಇನ್ನು ಯಾರನ್ನು ಕೇಳುವುದು? ಇಷ್ಟೆಲ್ಲ ಸಂಶೋಧನೆ ಮಾಡಿದವರಿಗೆ ಹಿಂದಿನಿಂದಲೇ ಕೊಯ್ದರು!

ಅವರಿಲ್ಲದಷ್ಟು ದಿನ ಅತ್ತೆ ನಾವು ಕುಡಿಸಿದ ಗಂಜಿಯ ಮೇಲೇ ಇದ್ದಳು. ಮನೆಗೆ ಬಂದ ದಿನ ಮಾವನಿಗೆ ಎತ್ತರದ ಕುರ್ಚಿ ಹಾಕಿದೆವು. ಕೆಳಗೆ ಕೂತ ಅತ್ತೆ ಖಾಲಿ ಮಣೆ ನೋಡಿದಳು, ತಟ್ಟೆ ಸರಿಸಿದಳು. ಕುರ್ಚಿಯಲ್ಲಿದ್ದವರನ್ನು ಯಾರೋ ಹಿರಿಯರೆಂದುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ನಮ್ಮನಿಯವರು ಇನ್ನೂ ಬಂದಿಲ್ರಿ. ಅವರನ್ನ ಬಿಟ್ಟು ನಾ ಹೆಂಗ ಉಣ್ಲಿ?”

ಮಾವ ಕುರ್ಚಿಯ ಮೇಲಿಂದಲೇ, ಹೊರಗಿನವರಂತೆ, ಮಾತಾಡಿದರು.

“ಅವರೇ ನನ್ನ ಕಳಿಸ್ಯಾರವಾ. ಬರೂದು ತಡ ಆಗ್ತದಂತ. ನೀ ಉಣ್ಣಬೇಕಂತ.”

ನಾನು ಮುರಿದು ಹಿಡಿದ ರೊಟ್ಟಿಯ ತುಣುಕಿಗೆ ಅತ್ತೆ ಬಾಯಿ ತೆರೆದಳು. ಅಗಿಯುತ್ತ ಮತ್ತೆ ತಲೆಯೆತ್ತಿದಳು.

“ಅವರು ಉಂಡಾರೇನ್ರಿ?”

“ಉಂಡಾರ,” ಎಂದರು ಮಾವ. ಅವರ ತಟ್ಟೆ ಬಡಿಸಿದ ಹಾಗೆಯೇ ಇತ್ತು.